ಯಂತ್ರದ ಉಸಿರಿಗೂ ಮಿತಿ

ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೊಳಗಾದ ರೋಗಿಗೆ ಯಂತ್ರವೇ ಉಸಿರಾಟವನ್ನು ನಡೆಸಿಕೊಡುತ್ತದೆ. ಅದು ಪ್ರತಿಬಾರಿ ಒದಗಿಸುವ ಗಾಳಿ ಮಿತಿಮೀರಿದರೆ ಶ್ವಾಸಕೋಶದ ಸೂಕ್ಷ್ಮ ವಾಯುಕೋಶಗಳು ಅತಿಯಾಗಿ ಹಿಗ್ಗುತ್ತವೆ. ನಿಶ್ವಾಸದ ಕೊನೆಗೆ ತೀರ ಬರಿದಾದರೆ ಕುಸಿದು, ಮತ್ತೆ ತೆರೆಯುವಾಗ ಘಾಸಿಗೊಳ್ಳುತ್ತವೆ. ಹೀಗೆ ನೊಂದ ಅಂಗಾಂಶವು ಉರಿಯೂತವನ್ನು ಕೆರಳಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುವುದರಿಂದ ಇತರ ಅಂಗಗಳಿಗೂ ಅಪಾಯ ತಟ್ಟಬಹುದು.

2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು, ಉದರದ ಶಸ್ತ್ರಚಿಕಿತ್ಸೆಗೊಳಗಾದ 400 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಎತ್ತರಕ್ಕನುಗುಣವಾಗಿ ಲೆಕ್ಕಹಾಕಿದ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 10ರಿಂದ 12 ಮಿಲಿಲೀಟರ್ ಗಾಳಿ ಪಡೆದವರಲ್ಲಿ ಶೇಕಡಾ 27.5 ಮಂದಿಗೆ 7 ದಿನಗಳೊಳಗೆ ಗಂಭೀರ ತೊಡಕುಗಳುಂಟಾದವು. 6ರಿಂದ 8 ಮಿಲಿಲೀಟರ್ ಗಾಳಿಯೊಡನೆ, ನಿಶ್ವಾಸದ ಕೊನೆಯಲ್ಲಿಯೂ ಕೊಂಚ ಒತ್ತಡವನ್ನುಳಿಸಿ, ಆಗಾಗ ಶ್ವಾಸಕೋಶವನ್ನು ಅರಳಿಸಿದ ಗುಂಪಿನಲ್ಲಿ ಈ ಪ್ರಮಾಣ ಶೇಕಡಾ 10.5 ಮಾತ್ರ. ಜೀವವುಳಿಸುವ ಗಾಳಿಗೂ ಅಳತೆ ಬೇಕೆಂಬುದೇ ಇದರ ಸಾರ.