ಕಾಶಿಯ ರೈಲಿನಲ್ಲಿ ದಿನಚರ್ಯೆ

ಕಾಶಿಯಾತ್ರೆಗೆ ಹೊರಡುವ ಹಿರಿಯರು ನಮ್ಮ ಚಿಕಿತ್ಸಾಲಯಕ್ಕೆ ಬಂದಾಗ ಕೇಳುವುದು ಸಾಮಾನ್ಯವಾಗಿ ಅಲ್ಲಿಯ ಚಳಿ, ಸೆಕೆ, ನೀರುಗಳನ್ನು ಕುರಿತು. ದಾರಿಯಲ್ಲಿ ಕಳೆಯಬೇಕಾದ ದಿನಗಳ ವಿಚಾರವನ್ನು ಕೇಳುವವರು ವಿರಳ. ಆದರೆ ವಯಸ್ಸಾದವರ ಆರೋಗ್ಯ ಕೆಡುವುದು ಬಹುಮಟ್ಟಿಗೆ ದಾರಿಯಲ್ಲಿಯೇ. ಆದುದರಿಂದ ಈ ಸಂಚಿಕೆಯಲ್ಲಿ ರೈಲಿನೊಳಗಿನ ದಿನಚರ್ಯೆಯನ್ನೇ ವಿವರಿಸಲು ಬಯಸಿದ್ದೇವೆ.

ಮೈಸೂರಿನಿಂದ ವಾರಾಣಸಿಗೆ ಹೋಗುವ ಎಕ್ಸ್‌ಪ್ರೆಸ್ ರೈಲು ನಮ್ಮ ಮಂಡ್ಯ, ಮದ್ದೂರುಗಳ ಮಾರ್ಗವಾಗಿಯೇ ಸಾಗುತ್ತದೆ. ಮಳವಳ್ಳಿಗೆ ರೈಲುಮಾರ್ಗವಿಲ್ಲದಿರುವುದರಿಂದ ಅಲ್ಲಿಯ ಭಕ್ತರಿಗೆ ರೈಲು ಹತ್ತುವ ಮೊದಲೇ ಬಸ್ಸಿನ ಆಯಾಸವೂ ಸೇರಿರುತ್ತದೆ. ಮುಂದೆ ಸುಮಾರು ಎರಡು ಹಗಲು, ಎರಡು ರಾತ್ರಿ. ಮಧ್ಯಪ್ರದೇಶದ ಇಟಾರಸಿ ದಾಟಿದ ಮೇಲೆ ನರ್ಮದೆಯ ಕಣಿವೆ. ಒಂದು ಪಕ್ಕದಲ್ಲಿ ಸಾತ್ಪುರ, ಇನ್ನೊಂದು ಪಕ್ಕದಲ್ಲಿ ವಿಂಧ್ಯ. ಜಬಲ್ಪುರ, ಸತ್ನಾಗಳನ್ನು ದಾಟಿ ಮಾಣಿಕ್‌ಪುರದ ಕಡೆಗೆ ಹೋಗುವಾಗ ಮತ್ತೆ ಗುಡ್ಡಗಾಡು. ಕಿಟಕಿಯಿಂದ ನೋಡಲು ಸೊಗಸಾದ ಈ ಪ್ರದೇಶದಲ್ಲಿ ದೊಡ್ಡ ನಿಲ್ದಾಣಗಳು ದೂರದೂರ. ಕಾಡಿನ ನಡುವೆ ಮೊಬೈಲ್ ಸಂಪರ್ಕವೂ ಕಡಿಯುತ್ತದೆ. ಔಷಧ ಬೇಕೆಂದಾಗ ಇಳಿದು ತರುವಂತಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ತಡೆಹಿಡಿಯಬಾರದ 13 ವೇಗಗಳನ್ನು ಎಣಿಸುತ್ತದೆ. ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ ಇವೆಲ್ಲ ಅದರಲ್ಲಿವೆ. ರೈಲಿನಲ್ಲಿ ನಮ್ಮ ಜನರು, ವಿಶೇಷವಾಗಿ ತಾಯಂದಿರು, ಈ ಐದನ್ನೂ ಒಟ್ಟಿಗೆ ತಡೆಯುತ್ತಾರೆ. ಶೌಚಾಲಯ ಶುಚಿಯಾಗಿಲ್ಲವೆಂದು ಹೋಗುವುದಿಲ್ಲ. ಹೋಗಬಾರದೆಂದು ನೀರನ್ನೇ ಕುಡಿಯುವುದಿಲ್ಲ. ಇದರ ಫಲವಾಗಿ ಮಲಬದ್ಧತೆ, ಉರಿಮೂತ್ರ, ತಲೆಸುತ್ತು. ಬೇಸಿಗೆಯಲ್ಲಿ ಪರಿಣಾಮ ಇನ್ನೂ ಘೋರವಾಗಬಹುದು. 2019ರ ಜೂನ್ 10ರಂದು, ವಾರಾಣಸಿ ಮತ್ತು ಆಗ್ರಾ ನೋಡಿಕೊಂಡು ಕೇರಳ ಎಕ್ಸ್‌ಪ್ರೆಸ್‌ನ ಸ್ಲೀಪರ್ ಬೋಗಿಗಳಲ್ಲಿ ಮರಳುತ್ತಿದ್ದ ತಮಿಳುನಾಡಿನ ತಂಡದ ನಾಲ್ವರು ವೃದ್ಧರು ಝಾನ್ಸಿ ಸಮೀಪ ಬಿಸಿಲಿನ ಝಳಕ್ಕೆ ಪ್ರಾಣ ಬಿಟ್ಟರು. ಏಪ್ರಿಲ್‌ನಿಂದ ಜೂನ್‌ವರೆಗೆ ಹಿರಿಯರು ಸ್ಲೀಪರ್ ಬೋಗಿಯಲ್ಲಿ ಉತ್ತರಕ್ಕೆ ಹೋಗಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬೆಳಿಗ್ಗೆ ಎದ್ದೊಡನೆ ಒಂದು ಲೋಟ ಬಿಸಿನೀರು ಕುಡಿಯಬೇಕು. ಬೋಗಿಯ ಜನರೆಲ್ಲ ಏಳುವ ಮೊದಲೇ ಶೌಚಕ್ಕೆ ಹೋಗಿಬರುವುದು ಒಳ್ಳೆಯದು; ಆಗ ಸಾಲೂ ಇರದು, ಆತುರವೂ ಇರದು. ನೆಲ ಒದ್ದೆಯಾಗಿರುತ್ತದೆ, ಗಾಡಿ ಅಲುಗುತ್ತದೆ. ಜಾರದ ಚಪ್ಪಲಿ ಮೆಟ್ಟಿ, ಹಿಡಿ ಹಿಡಿದು, ಮನೆಯವರೊಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡು ಹೋಗಬೇಕು. ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಇರುವವರು ತಮ್ಮ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಲಿ.

ಆಹಾರದಲ್ಲಿ ಕ್ರಮವಿರಲಿ. ಪುಳಿಯೋಗರೆ, ಚಪಾತಿ ಮೊದಲ ದಿನಕ್ಕೆ ಸಾಕು. ಮೊಸರನ್ನವನ್ನು ಸೆಕೆಯಲ್ಲಿ ಹೊತ್ತು ಮೀರಿ ಇಡಬಾರದು. ಎರಡನೆಯ ದಿನಕ್ಕೆ ರಾಗಿ ಹುರಿಹಿಟ್ಟು, ಅವಲಕ್ಕಿ, ಕಡಲೆಪುರಿ, ಬಾಳೆಹಣ್ಣು ಉತ್ತಮ. ಮದ್ದೂರು ವಡೆ ಕೆಡದೆಂದು ಕಟ್ಟುಗಟ್ಟಲೆ ಒಯ್ಯುವವರಿದ್ದಾರೆ. ಕರಿದ ಪದಾರ್ಥ ಕೂತಲ್ಲೇ ಕೂತವರಿಗೆ ಸುಲಭವಾಗಿ ಅರಗುವುದಿಲ್ಲ. ರುಚಿಗೆ ಒಂದು ಸಾಕು. ಜೀರಿಗೆ, ಒಣಶುಂಠಿಯ ಪುಡಿ ಚೀಲದಲ್ಲಿರಲಿ. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ ಕೊಡಬೇಕು.

ಪ್ರಯಾಣವು ವಾತವನ್ನು ಹೆಚ್ಚಿಸುತ್ತದೆ ಎಂಬುದು ಆಯುರ್ವೇದದ ಮತ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕುಳಿತರೆ ಪಾದ ಊದುತ್ತದೆ. ಕೆಲವರಿಗೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೆ ನಡೆಯಬೇಕು. ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ತಿಕ್ಕದೆ ವೈದ್ಯರಿಗೆ ತೋರಿಸಬೇಕು. ಇಲ್ಲದಿದ್ದರೆ ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ಸವರಿ ಒರೆಸಿಕೊಂಡರೆ ನಿದ್ರೆ ಚೆನ್ನಾಗಿ ಬರುತ್ತದೆ. ನಡುವಿನ ಬರ್ತ್ ತೆರೆಯಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅವಕಾಶ. ಆ ಹೊತ್ತನ್ನು ಪೂರ್ತಿ ನಿದ್ರೆಗೆ ಬಳಸಬೇಕು. ಹಿರಿಯರಿಗೆ ಕೆಳಗಿನ ಬರ್ತನ್ನೇ ಕೇಳಿ ಟಿಕೆಟ್ ಮಾಡಿಸುವುದು ಮಕ್ಕಳ ಕರ್ತವ್ಯ.

ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಯಾತ್ರೆಯ ವ್ರತದ ನೆಪದಲ್ಲಿ ನಿಲ್ಲಿಸಲೇಬಾರದು. ಸಕ್ಕರೆಯ ಮಾತ್ರೆ ನುಂಗಿ ಊಟ ಬಿಡುವುದೂ ಅಷ್ಟೇ ಅಪಾಯಕರ. ಬೆವರು, ನಡುಕ ಕಂಡೊಡನೆ ಕೊಡಲು ಸಕ್ಕರೆ ಜೇಬಿನಲ್ಲಿರಲಿ. ಚಳಿಗಾಲದಲ್ಲಿ ಉತ್ತರದ ಬಯಲಿನಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಆದ್ದರಿಂದ ಲೆಕ್ಕಕ್ಕಿಂತ ಮೂರು ದಿನದ ಔಷಧ ಹೆಚ್ಚಾಗಿ ಒಯ್ಯಬೇಕು. ಅದನ್ನು ಸೀಟಿನಡಿಯ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಡಬೇಕು.

ಎದೆನೋವು, ಉಸಿರುಕಟ್ಟುವಿಕೆ, ಮಾತು ತೊದಲುವಿಕೆ ಕಂಡರೆ ಮನೆಮದ್ದಿಗೆ ಕಾಲ ಕಳೆಯಬಾರದು. ತಕ್ಷಣ ಟಿ.ಟಿ.ಗೆ ತಿಳಿಸಿ, 139ಕ್ಕೆ ಕರೆಮಾಡಿ ಪಿಎನ್‌ಆರ್, ಬೋಗಿ, ಬರ್ತ್ ಸಂಖ್ಯೆ ಹೇಳಿ, ಮುಂದಿನ ನಿಲ್ದಾಣದಲ್ಲಿ ವೈದ್ಯರ ನೆರವು ಕೇಳಬೇಕು. ಕರೆ ಹೋಗದಿದ್ದರೆ ಪಕ್ಕದ ಪ್ರಯಾಣಿಕರ ಮೊಬೈಲಿನಿಂದ ಯತ್ನಿಸಬೇಕು.

ಕಾಶಿ ತಲುಪಿದ ದಿನವೇ ಘಟ್ಟಗಳ ಕಡಿದಾದ ಮೆಟ್ಟಿಲಿಳಿಯುವ ಆತುರ ಬೇಡ. ಜಂಗಮವಾಡಿ ಮಠದಲ್ಲೋ ಬೇರೆಡೆಯೋ ತಂಗಿದವರು ಒಂದು ರಾತ್ರಿ ನಿದ್ರೆ ಮಾಡಿ, ಬಿಸಿಯೂಟ ಉಂಡು, ಮರುದಿನ ದರ್ಶನಕ್ಕೆ ಹೋಗಲಿ. ಹೊರಡುವ ಮುನ್ನ ಮನೆಯ ಮಕ್ಕಳು ಒಂದು ಚೀಟಿಯಲ್ಲಿ ಹಿರಿಯರ ಹೆಸರು, ಕಾಯಿಲೆ, ಮಾತ್ರೆಗಳ ಹೆಸರು ಮತ್ತು ಮನೆಯ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿಯೂ ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ಬರೆದು ಅವರ ಜೇಬಿನಲ್ಲಿಡಲಿ. ಭಾಷೆ ತಿಳಿಯದ ಊರಿನ ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.