ಥೈಲೇರಿಯಾ ಔಷಧಿಯ ಪರೀಕ್ಷೆ: ಸೀಸೆಯೊಳಗೆ ಬೆಳೆದ ರೋಗಕೋಶಗಳು

ಮಿಶ್ರತಳಿ ರಾಸುಗಳನ್ನು ಸಾಕುವ ರೈತರಿಗೆ ಥೈಲೇರಿಯಾ ರೋಗ ಹೊಸದಲ್ಲ. ಉಣ್ಣೆ ಅಥವಾ ಉಣುಗು ಕಚ್ಚುವುದರಿಂದ ಹರಡುವ ಈ ರೋಗದಲ್ಲಿ ಜ್ವರ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರುತ್ತದೆ, ಹೆಗಲ ಮುಂದಿನ ಗ್ರಂಥಿ ಊದಿಕೊಳ್ಳುತ್ತದೆ, ಹಾಲು ಇಳಿಯುತ್ತದೆ. ನಾಟಿ ದನಗಳು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಮಿಶ್ರತಳಿಯವು ಚಿಕಿತ್ಸೆ ತಡವಾದರೆ ಸಾಯುವುದುಂಟು.

ಇದಕ್ಕೆ ಕಾರಣವಾದ ಪರೋಪಜೀವಿ ರಕ್ತದ ಬಿಳಿಕಣದೊಳಗೆ ಸೇರಿ, ಆ ಕಣವು ಅರ್ಬುದದ ಕೋಶದಂತೆ ಎಡೆಬಿಡದೆ ಒಡೆಯುವಂತೆ ಮಾಡುತ್ತದೆ. ಕಣ ಎರಡಾದಾಗ ಒಳಗಿನ ಜೀವಿಯೂ ಎರಡಾಗುತ್ತದೆ. ರಾಸಿಗೆ ಮಾರಕವಾದ ಈ ಗುಣವೇ ವಿಜ್ಞಾನಿಗಳಿಗೆ ಅನುಕೂಲವಾಯಿತು. ರೋಗಪೀಡಿತ ರಾಸಿನಿಂದ ತೆಗೆದ ಬಿಳಿಕಣಗಳನ್ನು ಪೋಷಕ ದ್ರವದಲ್ಲಿ, ದೇಹದಷ್ಟೇ ಬೆಚ್ಚಗಿಟ್ಟರೆ ತಿಂಗಳುಗಟ್ಟಲೆ ಬೆಳೆಯುತ್ತವೆ.

ಈ ಕಣಗಳನ್ನು ಸಣ್ಣ ಗುಳಿಗಳುಳ್ಳ ತಟ್ಟೆಗೆ ಹಂಚಿ, ಒಂದೊಂದು ಗುಳಿಗೂ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಕೆಲವಕ್ಕೆ ಔಷಧಿಯನ್ನೇ ಹಾಕುವುದಿಲ್ಲ. ಕೆಲವು ದಿನಗಳ ನಂತರ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಪರೋಪಜೀವಿ ಸತ್ತರೆ ಕಣಗಳ ಒಡೆಯುವಿಕೆ ನಿಲ್ಲುತ್ತದೆ. ರೋಗವಿಲ್ಲದ ಕಣಗಳ ಮೇಲೂ ಅದೇ ಔಷಧಿಯನ್ನು ಪರೀಕ್ಷಿಸುವುದು ಅಗತ್ಯ. ಇಲ್ಲದಿದ್ದರೆ ಔಷಧಿ ಪರೋಪಜೀವಿಯನ್ನು ಕೊಂದಿತೋ ಕಣವನ್ನೇ ಕೊಂದಿತೋ ತಿಳಿಯದು.

ಮೆನೋಕ್ಟೋನ್ ಎಂಬ ವಸ್ತು ಥೈಲೇರಿಯಾವನ್ನು ಕೊಲ್ಲುತ್ತದೆಂದು 1976ರಲ್ಲಿ ಪ್ರಕಟವಾಯಿತು. ಅದರ ತಯಾರಿಕೆ ದುಬಾರಿಯಾದುದರಿಂದ ಅದೇ ಗುಂಪಿನ ಪಾರ್ವಾಕ್ವೋನ್, ಬಳಿಕ 1980ರ ದಶಕದಲ್ಲಿ ಬುಪಾರ್ವಾಕ್ವೋನ್ ಬಂದವು. ಇಂದು ಪಶುವೈದ್ಯರು ಹೆಚ್ಚಾಗಿ ಕೊಡುವುದು ಇದನ್ನೇ.

ಆದರೆ ಬುಪಾರ್ವಾಕ್ವೋನ್‌ಗೆ ಬಗ್ಗದ ಥೈಲೇರಿಯಾ ಟ್ಯುನೀಷಿಯಾ ದೇಶದಲ್ಲಿ ಕಂಡುಬಂದುದು 2010ರಲ್ಲಿ ವರದಿಯಾಯಿತು. ಪರೋಪಜೀವಿಯ ಸೈಟೋಕ್ರೋಮ್ ಬಿ ಎಂಬ ವಂಶವಾಹಿಯಲ್ಲಿ ಬದಲಾವಣೆಯಾದರೆ ಔಷಧಿ ಅಂಟಿಕೊಳ್ಳುವ ಜಾಗವೇ ಮಾರ್ಪಡುತ್ತದೆ. ಸೂಜಿಮದ್ದು ಕೊಟ್ಟರೂ ರಾಸು ಗುಣವಾಗದಿದ್ದಾಗ ತಪ್ಪು ಔಷಧಿಯದೋ, ಪ್ರಮಾಣದ್ದೋ, ತಡವಾದುದರದೋ ಎಂದು ಹೇಳುವುದು ಕಷ್ಟ. ಅದೇ ರಾಸಿನ ಕಣಗಳನ್ನು ತಟ್ಟೆಯಲ್ಲಿ ಪರೀಕ್ಷಿಸಿದರೆ ಔಷಧಿಯ ಸಂಗತಿ ಸ್ಪಷ್ಟವಾಗುತ್ತದೆ.

ತಟ್ಟೆಯ ಪರೀಕ್ಷೆಗೂ ಮಿತಿಯಿದೆ. ರೋಗ ಮುಂದುವರಿದಂತೆ ಪರೋಪಜೀವಿ ಕೆಂಪುಕಣಗಳಿಗೂ ನುಗ್ಗಿ ರಕ್ತಹೀನತೆ ತರುತ್ತದೆ. ಆ ಹಾನಿಯನ್ನು ಯಾವ ತಟ್ಟೆಯೂ ತೋರಿಸದು, ಬುಪಾರ್ವಾಕ್ವೋನ್ ಸರಿಪಡಿಸುವುದೂ ಇಲ್ಲ. ಆದ್ದರಿಂದ ಗ್ರಂಥಿ ಊದಿದ್ದು ಕಂಡೊಡನೆ ಪಶುವೈದ್ಯರನ್ನು ಕರೆಯಬೇಕು.

ಪ್ರತಿ ಕಿಲೋ ದೇಹತೂಕಕ್ಕೆ 2.5 ಮಿಲಿಗ್ರಾಂ ಕೊಡುವುದು ರೂಢಿ. ಅಂದರೆ ಶೇಕಡ 5ರ ದ್ರಾವಣವಾದರೆ 400 ಕಿಲೋ ಹಸುವಿಗೆ 20 ಮಿಲಿಲೀಟರ್. ಬೆಲೆ ಹೆಚ್ಚೆಂದು ಅರ್ಧ ಹಾಕಿಸಿ ಉಳಿದುದನ್ನು ಇನ್ನೊಂದು ರಾಸಿಗೆ ಎತ್ತಿಡುವವರಿದ್ದಾರೆ. ಇದು ಉಳಿತಾಯವಲ್ಲ, ಪರೋಪಜೀವಿ ಸಾಯದೆ ಉಳಿದು ಉಣ್ಣೆಯ ಮೂಲಕ ನೆರೆಯ ಕೊಟ್ಟಿಗೆ ಸೇರುತ್ತದೆ. ಉಣ್ಣೆ ಅಡಗುವ ಗೋಡೆಯ ಬಿರುಕುಗಳನ್ನೂ ಮೆತ್ತಿ ಮುಚ್ಚಬೇಕು.