ತಾಳೆಗರಿಯಿಂದ ಅಂಕಿಗಳವರೆಗೆ

ಕಾರ್ಕಳದ ಗೊಮ್ಮಟ ಮೂರ್ತಿಯ ಪ್ರತಿಷ್ಠೆಯಾದುದು ೧೪೩೨ರಲ್ಲಿ. ಅದರ ಮಗ್ಗುಲಲ್ಲಿ ಕೊರೆದ ಶಾಸನವನ್ನು ಇಂದಿಗೂ ಓದಬಹುದು. ಕಲ್ಲು ತನ್ನ ಬರೆಹವನ್ನು ತಾನೇ ಕಾಯುತ್ತದೆ. ತಾಳೆಗರಿಯ ಪಾಡು ಹಾಗಲ್ಲ. ಕರಾವಳಿಯ ತೇವ, ಹುಳು, ಕೈಬೆವರು ಎಲ್ಲವೂ ಅದರ ಶತ್ರುಗಳು. ಆದುದರಿಂದಲೇ ನಮ್ಮ ಹಿರಿಯರು ಓಲೆ ಜೀರ್ಣವಾಗುವ ಮುನ್ನ ಹೊಸ ಓಲೆಗೆ ಪ್ರತಿಮಾಡಿಕೊಳ್ಳುತ್ತಿದ್ದರು. ಗಣಕದಲ್ಲಿ ಅಂಕಿಗಳಾಗಿ ಕೂಡಿಟ್ಟ ಬರೆಹವು ಇವೆರಡರಲ್ಲಿ ಯಾವುದನ್ನು ಹೋಲುತ್ತದೆ?

ಉಡುಪಿಯ ಒಂದು ಉದಾಹರಣೆಯನ್ನು ನೋಡೋಣ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಒಂದು ಹಳೆಯ ಓಲೆಕಟ್ಟು ಸುಮಾರು ೭೦೦ ವರ್ಷಗಳಷ್ಟು ಪ್ರಾಚೀನವೆಂದು ಎಣಿಕೆ. ಅದರಲ್ಲಿ ೩೪೦ ಗರಿಗಳು. ಒಂದೊಂದರ ಉದ್ದ ೨೬ ಅಂಗುಲ, ಅಗಲ ೨ ಅಂಗುಲ. ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪಿ. ಆರ್. ಮುಕುಂದ್, ರೋಜರ್ ಈಸ್ಟನ್ ಮತ್ತು ಅವರೊಡನೆ ಬಂದ ಕೀತ್ ನಾಕ್ಸ್ ಅವರು ೨೦೦೬ರಲ್ಲಿ ಇದರ ಚಿತ್ರಗಳನ್ನು ತೆಗೆದರು. ಗರಿ ಕಂದಿ ಅಕ್ಷರಗಳು ಮರೆಯಾಗಿದ್ದುದರಿಂದ ಅವಕೆಂಪು ಕಿರಣಗಳ ನೆರವು ಪಡೆದರು. ಕೆಂಪಿನಾಚೆಯ ಈ ಕಿರಣಗಳು ನಮ್ಮ ಕಣ್ಣಿಗೆ ಕಾಣವು. ಕಂದಿದ ಗರಿ ಇವನ್ನು ಬಹುಮಟ್ಟಿಗೆ ಪ್ರತಿಫಲಿಸುತ್ತದೆ; ಮಸಿಯಲ್ಲಿರುವ ಇಂಗಾಲ ಹೀರಿಕೊಳ್ಳುತ್ತದೆ. ಹೀಗಾಗಿ ಬೆಳ್ಳನೆಯ ಗರಿಯ ಮೇಲೆ ಕಪ್ಪು ಅಕ್ಷರಗಳು ಎದ್ದು ತೋರುವುವು.

ಒಂದೊಂದು ಗರಿಯನ್ನೂ ಭಾಗ ಭಾಗವಾಗಿ ಚಿತ್ರಿಸಿದುದರಿಂದ ಒಟ್ಟು ಚಿತ್ರಗಳು ೭,೯೦೦ ಆದುವು. ಇಲ್ಲಿ ಹೊಸ ತೊಡಕು ಎದುರಾಗುತ್ತದೆ. ಯಾವ ಚಿತ್ರ ಯಾವ ಗರಿಯದು? ಯಾವ ಮಗ್ಗುಲು, ಎಷ್ಟನೆಯ ಭಾಗ? ಈ ವಿವರ ತಪ್ಪಿಹೋದರೆ ಚಿತ್ರಗಳಿದ್ದೂ ಗ್ರಂಥವಿಲ್ಲ. ದಾರ ಹರಿದು ಚೆದರಿದ ಓಲೆಕಟ್ಟಿನಂತೆಯೇ ಸರಿ. ವಿವರಗಳನ್ನು ಚಿತ್ರದೊಡನೆ ಬೆಸೆದಿಡುವುದೇ ಡಿಜಿಟಲ್ ಆಸ್ತಿ ನಿರ್ವಹಣೆಯ ಮೊದಲ ಪಾಠ.

ಎರಡನೆಯದು ಕಾವಲು. ಚಿತ್ರವೆಂದರೆ ಅಂಕಿಗಳ ಸಾಲು. ೧೨, ೪೫, ೩೦ ಎಂಬ ಸಾಲಿನ ಮೊತ್ತ ೮೭. ಮುಂದೆ ಎಂದಾದರೂ ಕೂಡಿ ನೋಡಿದಾಗ ೮೬ ಬಂದರೆ ಎಲ್ಲಿಯೋ ಒಂದು ಅಂಕಿ ಕೆಟ್ಟಿತೆಂದು ತಿಳಿಯುವೆವು. ಆದರೆ ೧೨ ಮತ್ತು ೪೫ ಸ್ಥಳ ಬದಲಿಸಿಕೊಂಡರೆ ಮೊತ್ತ ಬದಲಾಗದು! ಆದುದರಿಂದ ಗಣಕತಜ್ಞರು ಅಂಕಿಯೊಡನೆ ಅದರ ಸ್ಥಾನವನ್ನೂ ಲೆಕ್ಕಕ್ಕೆ ತರುವ ಸೂತ್ರಗಳನ್ನು ಬಳಸುತ್ತಾರೆ. ತಪ್ಪು ಕಂಡರೆ ತಿದ್ದಲು ಬೇರೊಂದು ಪ್ರತಿ ಬೇಕು. ಒಂದು ಪ್ರತಿ ಉಡುಪಿಯಲ್ಲಿದ್ದರೆ ಇನ್ನೊಂದು ದೂರದ ಊರಿನಲ್ಲಿರುವುದು ಕ್ಷೇಮ. ಒಂದೇ ನೆರೆ ಎರಡನ್ನೂ ಕೊಚ್ಚಿಕೊಂಡು ಹೋಗಬಾರದಷ್ಟೆ.

ಮೂರನೆಯದು ಓದುವ ಸಾಧನ. ೧೯೯೦ರ ದಶಕದಲ್ಲಿ ಮನೆಮಾತಾಗಿದ್ದ ಫ್ಲಾಪಿ ತಟ್ಟೆಯನ್ನು ಓದುವ ಯಂತ್ರ ಇಂದು ಎಷ್ಟು ಮನೆಗಳಲ್ಲಿದೆ? ಬರೆಹ ಉಳಿದರೂ ಓದುವ ಬಗೆ ಅಳಿದರೆ ಫಲವೇನು? ಇದನ್ನು ಮನಗಂಡ ಮುಕುಂದರು ಸಿಲಿಕಾನ್ ಬಿಲ್ಲೆಗಳ ಮೇಲೆ ಪುಟಗಳ ಸೂಕ್ಷ್ಮ ಚಿತ್ರಗಳನ್ನೇ ಮೂಡಿಸುವ ಮಾರ್ಗವನ್ನು ಹಿಡಿದರು. ಅವನ್ನು ಹಿರಿದಾಗಿಸಿ ನೋಡಿದರೆ ಸಾಕು, ಓದಬಹುದು, ಗಣಕದ ಹಂಗಿಲ್ಲ.

ಹಾಗಾದರೆ ಅಂಕಿಗಳ ಬರೆಹ ಕಲ್ಲಿನಂತಲ್ಲ, ಓಲೆಯಂತೆ. ಓಲೆ ಕೆಡುವಾಗ ಬಣ್ಣಗೆಟ್ಟು ಎಚ್ಚರಿಸುತ್ತದೆ; ಅಂಕಿಗಳು ಸದ್ದಿಲ್ಲದೆ ಕೆಡುತ್ತವೆ. ನಮ್ಮ ಮನೆಯ ಚಿತ್ರಗಳಾಗಲಿ, ಕಾಲೇಜಿನ ಪ್ರಬಂಧಗಳಾಗಲಿ, ಹೆಸರಿಟ್ಟು, ಪರೀಕ್ಷಿಸಿ, ಕಾಲಕಾಲಕ್ಕೆ ಹೊಸ ಸಾಧನಕ್ಕೆ ಪ್ರತಿಮಾಡುವ ಹೊಣೆ ನಮ್ಮದೇ.